ಕಾಕಾ ಮಡಚಿದ ತೋಳು

ಅಂಗಿಯ ತೋಳು ಮಡಚುವವರನ್ನು ಕಂಡರೆ ನನಗೆ ಸಣ್ಣಂದಿನಿಂದಲೂ ಅಂಜಿಕೆ. ತೋಳು ಮಡಚಿದವನು ಒಂದೋ ಜಗಳಕ್ಕೆ ನಿಂತಿರುತ್ತಾನೆ, ಇಲ್ಲವೇ ಪಂಕ್ತಿಯಲ್ಲಿ ಬಡಿಸಲು ಬಂದಿರುತ್ತಾನೆ. ಇಬ್ಬರೂ 'ಸಾಕು' ಎಂದರೆ ಬಿಡುವವರಲ್ಲ. ಸಾಲಿಯ ಮಾಸ್ತರನಾದ ಮೇಲೆ ತೋಳು ಮಡಚಿಸುವ ಕೆಲಸ ನನಗೇ ಗಂಟುಬಿತ್ತು. ಹೊಸ ಮಕ್ಕಳನ್ನು ಸೇರಿಸಿಕೊಳ್ಳುವಾಗ ಅವರ ತೋಳಿನ ಮೇಲೆ ದೇವಿ ಹಾಕಿದ ಕಲೆ ಇದೆಯೋ ಇಲ್ಲವೋ ನೋಡಬೇಕು. ನಮ್ಮ ಕಡೆ ಸಿಡುಬಿಗೂ ದೇವಿ ಎಂದೇ ಹೆಸರು, ಅದು ಬಾರದಂತೆ ಹಾಕುವ ಚುಚ್ಚುಮದ್ದಿಗೂ ದೇವಿ ಎಂದೇ ಹೆಸರು. ಬರುವವಳೂ ಅವಳೇ, ತಡೆಯುವವಳೂ ಅವಳೇ. ಪ್ರತಿ ಜೂನಿನಲ್ಲಿ ಮಕ್ಕಳ ತೋಳು ನೋಡುವಾಗ ನನಗೆ ನಮ್ಮ ಕಾಕಾ ನೆನಪಾಗುತ್ತಾರೆ.

ಕಾಕಾ ಅಂದರೆ ನಮ್ಮ ತಂದೆಯ ತಮ್ಮ. ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಅವರ ಮನೆ. ನನಗೆ ಅಲ್ಲಿಗೆ ವರ್ಗವಾದಾಗ ಅವರಲ್ಲೇ ಇಳಿದುಕೊಂಡಿದ್ದೆ. ಎಡಬಲಕ್ಕೆ ರವಿಕೆಯ ಖಣ ನೇಯುವ ಮಗ್ಗಗಳು. ಮಗ್ಗದ ಸಪ್ಪಳವಿಲ್ಲದೆ ನನಗೆ ಪಾಠವೂ ಓಡುತ್ತಿರಲಿಲ್ಲ, ನಿದ್ದೆಯೂ ಬರುತ್ತಿರಲಿಲ್ಲ. ಕಾಕಾ ನಲವತ್ತೆರಡರ ಚಳವಳಿಯಲ್ಲಿ ಜೈಲು ಕಂಡವರು, ಖಾದಿಯ ತುಂಬುತೋಳಿನ ಅಂಗಿಯವರು. ಇಳಕಲ್ಲಿಗೆ ಭಾಷಣಕ್ಕೆ ಹೋದರೆ ಬರುವಾಗ ಅಮೀನಗಡದಲ್ಲಿ ಬಸ್ಸಿನಿಂದ ಇಳಿದು ಕರದಂಟು ಕಟ್ಟಿಸಿಕೊಂಡು ಬಂದು ಓಣಿಯ ಮಕ್ಕಳಿಗೆಲ್ಲ ಹಂಚುವರು. ದೊಡ್ಡವರಿಗೆ ಅವರ ಜೈಲಿನ ಗೌರವ, ಸಣ್ಣವರಿಗೆ ಕರದಂಟಿನ ಗೌರವ. ಅಂಥವರಿಗೆ ಎದುರಾಡುವವರು ಯಾರು?

ಜೈಲಿನಲ್ಲಿ ಸಿಡುಬಿನ ಭಯ ಹುಟ್ಟಿದಾಗ ಕೈದಿಗಳಿಗೆಲ್ಲ ದೇವಿ ಹಾಕಿದರಂತೆ. ಕಾಕಾ ಒಲ್ಲೆ ಎಂದರು. ಕೆಡವಿ, ಎದೆಯ ಮೇಲೆ ಕೂತು ಹಾಕಿದರು. ಆ ಕಲೆಯನ್ನು ಅವರು ಯಾರಿಗೂ ತೋರಿಸುತ್ತಿರಲಿಲ್ಲ. ಸೆಕೆಗಾಲದಲ್ಲೂ ತೋಳು ಮಡಚುತ್ತಿರಲಿಲ್ಲ. ಮುಂದೆ ಸ್ವರಾಜ್ಯ ಬಂತು. ಮುಂಬಯಿ ಸರಕಾರದ ಹುಕುಂ ಬಂತು: ಮಕ್ಕಳಿಗೆಲ್ಲ ದೇವಿ ಹಾಕಿಸಲೇಬೇಕು. ಅವರ ಮಗಳು ಕಮಲಾ ಆಗ ಸಾಲಿಗೆ ಸೇರುವ ವಯಸ್ಸಿನವಳು. ಕಾಕಾ ಕಟ್ಟೆಯ ಮೇಲೆ ಕೂತು ನನಗೆ ಹೇಳಿದ್ದು ಇಂದಿಗೂ ಕಿವಿಯಲ್ಲಿದೆ.

"ಇಂಗ್ರೇಜರು ನನ್ನ ಕೆಡವಿ ಹಾಕಿದ್ರು. ನಮ್ಮವರೂ ಅದನ್ನ ಮಾಡೂದಿದ್ರ ನಾ ಜೈಲಿಗೆ ಹೋಗಿದ್ದು ಯಾತಕ್ಕ? ನನ್ನ ಮಗಳ ತೋಳು ಸರಕಾರದ್ದಲ್ಲ."

ಓದುಗರೇ, ಈ ಮಾತನ್ನು ನಗೆಯಾಡಿ ತಳ್ಳಿಹಾಕಬೇಡಿ. ನಾನು ಪಾಠ ಹೇಳಿ ಹೊಟ್ಟೆ ಹೊರೆಯುವವನು, ಆದರೂ ಇದಕ್ಕೆ ಪೂರ್ತಿ ಉತ್ತರ ನನಗೆ ಸಿಕ್ಕಿಲ್ಲ. ಎದೆಯ ಮೇಲೆ ಕೂತವನು ಮದ್ದು ಹಾಕಿದರೂ ಎದೆಗೆ ನೆನಪಿರುವುದು ಅವನ ಭಾರವೇ.

ಅಂದ ಮಾತ್ರಕ್ಕೆ ನಾವು ಭಾರೀ ಸ್ವತಂತ್ರರೆಂದು ತಿಳಿಯಬೇಡಿ. ಮಡಿಯಲ್ಲಿದ್ದ ಕಾಕುವನ್ನು, ಅಂದರೆ ಕಾಕಾರ ಹೆಂಡತಿಯನ್ನು, ಮುಟ್ಟಿದರೆ ಮತ್ತೆ ಸ್ನಾನ. ಹುನಗುಂದದಲ್ಲಿ ದಾಯಾದಿಗಳ ಸೊಸೆ ಹಡೆದರೆ ಗುಳೇದಗುಡ್ಡದಲ್ಲಿ ನಾವು ಪೂಜೆ ಬಿಟ್ಟು ಕೂರಬೇಕು. ಆ ಕೂಸಿನ ಮುಖವನ್ನು ನಾವು ನೋಡಿರುವುದಿಲ್ಲ, ನೋಡುವ ಆಸೆಯೂ ಇರುವುದಿಲ್ಲ. ಶಾಸ್ತ್ರಕಾರರು ಯಾರಿಗೆ ಎಷ್ಟು ದಿನದ ಸೂತಕವೆಂದು ಕೂದಲು ಸೀಳಿ ಬರೆದಿಟ್ಟಿದ್ದಾರೆ. ಇವೆಲ್ಲವನ್ನೂ ತಲೆಬಾಗಿ ನಡೆಸುವ ನಮಗೆ ಸೂಜಿಯ ಮೊನೆ ಕಂಡಾಗಷ್ಟೇ ಸ್ವಾತಂತ್ರ್ಯ ನೆನಪಾಗುತ್ತದೆ. ಇದನ್ನು ಕಾಕಾರೆದುರು ಆಡುವ ಧೈರ್ಯ ನನಗಿರಲಿಲ್ಲ. ಅವರ ಮನೆಯ ಅನ್ನ ಉಣ್ಣುತ್ತಿದ್ದೆ.

ಯಾರಿಗೂ ಇರಲಿಲ್ಲ ಎನ್ನಿ. ದೇವಿ ಹಾಕುವವರು ಓಣಿಗೆ ಬಂದರೆ ನೇಕಾರರ ಮನೆಗಳಲ್ಲಿ ಗದರಿಸಿ ಕೆಲಸ ಮುಗಿಸುವರು. ಕಾಕಾರ ಕಟ್ಟೆಗೆ ಬಂದಾಗ ಮಾತ್ರ ಕೈಮುಗಿದು, ಚಹಾ ಕುಡಿದು, ಮಳೆಯ ಮಾತಾಡಿ ಎದ್ದು ಹೋಗುವರು. ಸಾಲಿಯ ಹೆಡ್‌ಮಾಸ್ತರರೂ ಕಮಲಾಳ ತೋಳು ನೋಡದೆಯೇ ಸೇರಿಸಿಕೊಂಡರು. ಕಾಕು ಒಂದೆರಡು ಸಲ ಹಾಕಿಸಿಬಿಡೋಣವೆಂದು ಮೆಲ್ಲಗೆ ಅಂದಿದ್ದರು. ಕಾಕಾ ನಕ್ಕು ಬಿಟ್ಟರು.

ಮುಂದಿನ ಬೇಸಿಗೆಯಲ್ಲಿ ಕಮಲಾಗೆ ಜ್ವರ ಬಂತು. ಹಾಸಿಗೆ ಹಿಡಿದವಳು ಒಂದು ಮುಂಜಾನೆ ಜ್ವರ ಇಳಿದು ಎದ್ದು ಓಡಾಡಿದಳು. ಎಲ್ಲರಿಗೂ ಸಂತೋಷ. ಪಕ್ಕದ ಮನೆಯ ಗೌರವ್ವ ಮಗ್ಗಕ್ಕೆ ನೂಲು ಸುತ್ತುವಾಗ ಅವಳ ಕೂಸನ್ನು ಎತ್ತಿಕೊಳ್ಳುವವಳು ಕಮಲಾಳೇ. ಅಂದೂ ಎತ್ತಿಕೊಂಡಳು. ಆ ಕೂಸಿನ್ನೂ ಎಳೆಯದು. ಸ್ವಲ್ಪ ಗಟ್ಟಿಯಾಗಲಿ, ಮುಂದಿನ ಸಲ ಹಾಕೋಣವೆಂದು ದೇವಿ ಹಾಕುವವರು ಬಿಟ್ಟು ಹೋಗಿದ್ದರು. ದೀಪ ಹಚ್ಚುವ ಹೊತ್ತಿಗೆ ಕಮಲಾಳ ಹಣೆಯ ಮೇಲೆ ಗುಳ್ಳೆ ಕಂಡವು.

ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆವು. ಒಗ್ಗರಣೆ ನಿಂತಿತು. ದೇವಿಗೆ ಸಪ್ಪಳ ಆಗದೆಂದು ಓಣಿಯ ಮಗ್ಗಗಳೂ ನಿಂತವು. ನೇಯದಿದ್ದರೆ ಒಲೆ ಹೊತ್ತದ ಮನೆಗಳು ಅವು. ಆದರೂ ಯಾರೂ ಗೊಣಗಲಿಲ್ಲ. ಕಾಕಾ ಮಗಳ ಪಕ್ಕ ಬೇವಿನ ಟೊಂಗೆಯಿಂದ ಗಾಳಿ ಹಾಕುತ್ತ ಕೂತರು. ಅವರಿಗೆ ಏನೂ ಆಗಲಿಲ್ಲ. ದವಾಖಾನೆಯ ಡಾಕ್ಟರರು ಅವರ ತೋಳು ಮಡಚಿ ನೋಡಿ, ಈ ಕಲೆಯೇ ನಿಮ್ಮನ್ನು ಕಾದಿದೆ ಎಂದರು. ಕಾಕಾ ಗೋಡೆಯ ಕಡೆ ಮುಖ ತಿರುಗಿಸಿದರು.

ಕಮಲಾ ಮುಖದ ತುಂಬ ಕಲೆ ಹೊತ್ತು ಉಳಿದಳು. ಗೌರವ್ವನ ಕೂಸು ಉಳಿಯಲಿಲ್ಲ.

ಮಗ್ಗಗಳು ಒಂದೊಂದಾಗಿ ಮತ್ತೆ ನಡೆದವು. ಗೌರವ್ವನ ಮನೆಯದೊಂದು ಸುಮ್ಮನಿತ್ತು. ಕಾಕಾ ಅವಳ ಬಾಗಿಲಲ್ಲಿ ಹೋಗಿ ನಿಂತರು. ನಾನೂ ಹಿಂದೆ ಇದ್ದೆ. ಗೌರವ್ವ ಸೆರಗು ಹೊದ್ದುಕೊಂಡು ಎದ್ದು ನಿಂತಳು.

"ದೇವಿ ಒಯ್ದಾಳ್ರಿ. ಅದಕ್ಕ ನೀವೇನ್ ಮಾಡ್ತೀರಿ, ಒಳಗ ಬರ್ರಿ," ಎಂದು ಚಾಪೆ ಹಾಸಿದಳು.

ತಿರುಗಿ ಬರುವಾಗ ಕಾಕಾ ನಡುಬೀದಿಯಲ್ಲಿ ನಿಂತರು. "ಇಕೀನೂ ನನಗ ಮರ್ಯಾದಿ ಮಾಡಿದ್ಲು ನೋಡೋ," ಎಂದರು. "ಊರಾಗ ಒಬ್ಬರರೆ ನನ್ನ ಬೈದಿದ್ರ ಆ ಕೂಸು ಉಳೀತಿತ್ತು."

ಆಮೇಲೆ ದೇವಿ ಹಾಕುವವರ ಜೊತೆ ಮನೆಮನೆಗೆ ಕಾಕಾರೂ ಹೊರಟರು, ತೋಳು ಮಡಚಿಕೊಂಡು. ಭಾಷಣ ಮಾಡುತ್ತಿರಲಿಲ್ಲ. ಅವರ ಜೊತೆ ಬರುತ್ತಿದ್ದ ಸಿಪಾಯಿಯನ್ನು ಹೊಸ್ತಿಲ ಹೊರಗೇ ನಿಲ್ಲಿಸಿ, ಚಾಪೆಯ ಮೇಲೆ ಕೂತು, ಕಲೆ ತೋರಿಸಿ, ಒಪ್ಪುವತನಕ ಏಳುತ್ತಿರಲಿಲ್ಲ. ಗದರಿಕೆಗಿಂತ ಇದೇ ದೊಡ್ಡ ಜುಲುಮೆ ಎಂದು ಓಣಿಯವರು ನಗುತ್ತಿದ್ದರು. ಕಾಕಾ ಮಾತ್ರ ನಗುತ್ತಿರಲಿಲ್ಲ. ಕರದಂಟು ತರುವುದನ್ನೂ ಬಿಟ್ಟುಬಿಟ್ಟಿದ್ದರು.

ಗೌರವ್ವನಿಗೆ ಮತ್ತೊಂದು ಕೂಸಾಯಿತು. ದೇವಿ ಹಾಕುವ ದಿನ ಅದನ್ನು ತಂದು ಕಾಕಾರ ತೊಡೆಯ ಮೇಲೆಯೇ ಮಲಗಿಸಿದಳು. ಕಾಕಾ ಅದರ ತೋಳನ್ನು ಬೆರಳ ತುದಿಯಿಂದಷ್ಟೇ ಹಿಡಿದರು.

"ಗಟ್ಟಿ ಹಿಡೀರಿ," ಎಂದಳು.

ಈಗ ಮುಂಬಯಿ ಹೋಗಿ ಮೈಸೂರು ಸರಕಾರ ಬಂದಿದೆ, ಕಾಕಾರೂ ಇಲ್ಲ. ಈ ಜೂನಿನಲ್ಲಿ ಊರಿನ ದೊಡ್ಡ ಮನುಷ್ಯರೊಬ್ಬರು ಮೊಮ್ಮಗನನ್ನು ಕರೆತಂದಿದ್ದರು. ಅವರನ್ನು ಕಂಡರೆ ನಾನೂ ಎದ್ದು ನಿಲ್ಲುವವನೇ. ಎದ್ದು ನಿಂತೆ, ಕೈಮುಗಿದೆ, ಕುರ್ಚಿ ಕೊಟ್ಟೆ. ಆಮೇಲೆ ಹುಡುಗನ ಎದುರು ಕುಕ್ಕರಗಾಲಲ್ಲಿ ಕೂತು, ತೋಳು ನೋಡಲೇನಪ್ಪಾ ಎಂದು ಕೇಳಿದೆ. ಅವನು ಒಲ್ಲೆ ಎಂದ. ಇನ್ನೊಮ್ಮೆ ಕೇಳಿದೆ. ದೊಡ್ಡವರು ಗಡಿಯಾರ ನೋಡಿಕೊಂಡು, ಹೋಗಲಿ ಬಿಡಿ ಮಾಸ್ತರ ಎಂದರು. ನಾನು ಕೂತಲ್ಲಿಂದ ಏಳಲಿಲ್ಲ.