ಶ್ಯಾಮಸುಂದರನ ಪರ್ಷಿಯಾ

ಕುವೈತಿನಲ್ಲಿ ಶ್ಯಾಮಸುಂದರನ ಜೊತೆ ಎರಡನೆಯ ಸಲ ಸಿನಿಮಾಕ್ಕೆ ಹೋದವರು ಯಾರೂ ಇಲ್ಲ. ಒಂದು ಸಲ ಹೋದವರು ಬೇಕಾದಷ್ಟಿದ್ದಾರೆ. ಅವರೆಲ್ಲ ಇವತ್ತಿಗೂ ಅವನ ಫೋನು ಬಂದರೆ, ಶುಕ್ರವಾರದ ರಜೆಗೆ ಮನೆಗೆ ನೆಂಟರು ಬರುತ್ತಾರೆ ಎಂದು ನುಣುಚಿಕೊಳ್ಳುತ್ತಾರೆ.

ಅವನು ಹಾಸನದ ಕಡೆಯವನು. ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ಗುತ್ತಿಗೆ ಕಂಪನಿಯೊಂದರ ಎಲೆಕ್ಟ್ರಿಕಲ್ ಇಂಜಿನಿಯರ್. ಮನೆ ಮೈದಾನ್ ಹವಲ್ಲಿಯ ಹಳೆಯ ಕಟ್ಟಡವೊಂದರ ಐದನೇ ಮಹಡಿ. ಹೆಂಡತಿ ಪದ್ಮಜಾಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಒಬ್ಬಳೇ ಮಗಳು ಪಾವನಾ ಎಂಟನೇ ಕ್ಲಾಸು. ಹೊಟ್ಟೆಪಾಡಿಗೆ ಕೇಬಲ್ಲು ಎಳೆಸುತ್ತಿದ್ದರೂ ಅವನ ಪ್ರಾಣವೆಲ್ಲ ಇತಿಹಾಸದಲ್ಲಿ. ಆ ಪ್ರಾಣವೂ ಇತಿಹಾಸ ಬಲ್ಲೆನೆಂಬ ಸಂತೋಷದಲ್ಲಿರಲಿಲ್ಲ, ಬೇರೆಯವರಿಗೆ ಗೊತ್ತಿಲ್ಲವೆಂಬ ಸಂತೋಷದಲ್ಲಿತ್ತು. ಅವರಿವರನ್ನು ಹೀಗಳೆಯುವ ಸುಖ ಅವನಿಗೆ ಬೆಳಗಿನ ಕಾಫಿಯ ಹಾಗೆ, ಬಿಸಿಯಾಗಿ, ಹೊತ್ತಿಗೆ ಸರಿಯಾಗಿ ಸಿಗಲೇಬೇಕು.

ಅದು ಧಾರಾಳವಾಗಿ ಸಿಕ್ಕಿದ್ದು ಪಾವನಾಳ ಹುಟ್ಟುಹಬ್ಬದ ದಿನ. ಹಳೆಯ ಪರ್ಷಿಯಾದ ಕಥೆ ಅಂತ ಹೇಳಿಕೊಂಡು ಒಂದು ಇಂಗ್ಲಿಷ್ ಸಿನಿಮಾ ಬಂದಿತ್ತು. ರೆಕ್ಕೆಯ ಸಿಂಹದ ಮೇಲೆ ಕೂತು ಹಾರುವ ರಾಜಕುಮಾರ, ಬೆಂಕಿ ಉಗುಳುವ ಮಂತ್ರಿ. ಪಾವನಾ ತನ್ನ ಗೆಳತಿ ಪರ್ಲ್‌ಳನ್ನು ಕರೆದಿದ್ದಳು. ಪರ್ಲ್‌ಳ ಅಪ್ಪ ಚಾರ್ಲ್ಸ್, ಅದೇ ಕಟ್ಟಡದ ಕೆಳಗಿನ ಮಹಡಿಯವನು. ಊರು ಬಂಟ್ವಾಳ, ಕೆಲಸ ಮಿರ್ಕಾಬಿನ ಒಂದು ಆಫೀಸಿನಲ್ಲಿ. ಮಕ್ಕಳ ಜೊತೆಗೆ ಅವನೂ ಬಂದ.

ಸಿನಿಮಾ ಶುರುವಾಗಿ ಇನ್ನೂ ಜನ ಪಾಪ್‌ಕಾರ್ನಿಗೆ ಕೈ ಹಾಕಿರಲಿಲ್ಲ, ಶ್ಯಾಮಸುಂದರ ಬಾಯಿ ಹಾಕಿದ.

"ಮಿನಾರು! ಇಸ್ಲಾಂ ಹುಟ್ಟೋಕೆ ಸಾವಿರ ವರ್ಷ ಮುಂಚೆ ಮಿನಾರು ಕಟ್ಸಿದಾನೆ ನೋಡಿ ಮಹಾನುಭಾವ!"

ಮುಂದಿನ ಸಾಲಿನವರು ತಿರುಗಿ ನೋಡಿದರು. ಪರದೆಯ ಮೇಲೆ ರಾಜಕುಮಾರ ಸಂತೆಯೊಳಗೆ ಓಡುತ್ತಿದ್ದ. ಅಲ್ಲಿ ಕೆಂಪು ಮೆಣಸಿನಕಾಯಿಯ ರಾಶಿ ಹಾಕಿದ್ದರು.

"ಮೆಣಸಿನಕಾಯಿ ಅಮೆರಿಕಾದ್ದು ಕಣ್ರೀ ಚಾರ್ಲ್ಸ್, ಪೋರ್ಚುಗೀಸರು ತಂದದ್ದು. ಇವನಪ್ಪ ತಂದಿಟ್ಟಿದ್ನಾ ಇಲ್ಲಿ? ಆ ಬಟ್ಟೆ ನೋಡಿ, ಅರಬರ ರುಮಾಲು ಸುತ್ತಿ ಪರ್ಷಿಯಾದೋನು ಅಂತಿದಾನೆ. ನಮ್ಮ ಬೀದೀಲಿ ರೊಟ್ಟಿ ಸುಡೋ ಇರಾನಿ ನೋಡಿದ್ರೆ ಒಲೆಯೊಳಗೆ ಹಾಕ್ತಾನೆ ಇವರನ್ನ!"

"ಸಾರ್, ಸಿಂಹ ಹಾರಿದ್ದಕ್ಕೆ ನೀವು ಏನೂ ಹೇಳ್ಲಿಲ್ಲ. ಮೆಣಸಿಗೆ ಯಾಕೆ ಸಿಟ್ಟು ಮಾರಾಯ್ರೆ?" ಎಂದ ಚಾರ್ಲ್ಸ್. "ಮಜಾ ಮಾಡ್ಲಿಕ್ಕೆ ಬಂದದ್ದಲ್ವಾ?"

"ಸಿಂಹ ಹಾರೋದು ಸುಳ್ಳು ಅಂತ ಮಕ್ಕಳಿಗೂ ಗೊತ್ತು. ಮೆಣಸಿನಕಾಯಿ ಸುಳ್ಳು ಅಂತ ಗೊತ್ತಾಗಲ್ಲ. ಕಿವಿ ಮೇಲೆ ಹೂ ಇಡೋದು ಅಲ್ಲೇ!"

ಮಾತು ಸರಿಯಾದದ್ದೇ. ಶ್ಯಾಮಸುಂದರನ ತೊಂದರೆಯೇ ಅದು, ಅವನ ಮಾತು ಯಾವಾಗಲೂ ಸರಿಯಾಗಿರುತ್ತಿತ್ತು. ಸರಿಯಾದ ಮಾತನ್ನು ಇಷ್ಟು ಅಸಹ್ಯವಾಗಿ ಆಡುವ ಇನ್ನೊಬ್ಬ ಮನುಷ್ಯ ಇಡೀ ಹವಲ್ಲಿಯಲ್ಲಿ ಸಿಗಲಾರ. ಕೊನೆಗೆ ಟಾರ್ಚು ಹಿಡಿದ ಹುಡುಗಿಯೊಬ್ಬಳು ಬಂದು, ಸುಮ್ಮನಿರದಿದ್ದರೆ ಹೊರಗೆ ಕಳಿಸಬೇಕಾಗುತ್ತದೆ ಎಂದಳು. ಪರ್ಲ್ ಕುರ್ಚಿಯಲ್ಲಿ ಮುಖ ಹುದುಗಿಸಿಕೊಂಡಳು.

ಹೊರಗೆ ಬಂದಮೇಲೆ ಪರ್ಲ್ ಸಿಟ್ಟಿನಿಂದ, "ಯುವರ್ ಡ್ಯಾಡ್ ಈಸ್ ಇಂಪಾಸಿಬಲ್" ಎಂದಳು. ಪಾವನಾಳಿಗೂ ಅಳು ಬಂದಿತ್ತು. ಆದರೂ ಅವಳು ಫೋನು ತೆಗೆದು ಮೆಣಸಿನಕಾಯಿಯ ಚರಿತ್ರೆ ಹುಡುಕಿ ಗೆಳತಿಯ ಮೂಗಿನ ಮುಂದೆ ಹಿಡಿದಳು. "ಸೀ? ಹೀ ಈಸ್ ರೈಟ್."

ಅವಳಿಗಿದ್ದ ಒಂದೇ ಗಟ್ಟಿ ನೆಲೆ ಅದು. ಅಪ್ಪ ತರ್ಲೆ, ಅಪ್ಪ ಮಾನ ಕಳೆಯುತ್ತಾನೆ, ಅಪ್ಪನ ಜೊತೆ ಎಲ್ಲಿಗೂ ಹೋಗುವಂತಿಲ್ಲ. ಆದರೆ ಅಪ್ಪ ನಡೆಯಿತು ಎಂದದ್ದು ನಡೆದಿರುತ್ತದೆ. ಶ್ಯಾಮಸುಂದರನಿಗೂ ಇದು ಗೊತ್ತಿತ್ತು. ಆಫೀಸಿನಲ್ಲಿ, ಕನ್ನಡ ಸಂಘದಲ್ಲಿ, ಹೆಂಡತಿಯ ಹತ್ತಿರ ಎಲ್ಲೂ ಸಿಗದ ಗೌರವ ಈ ಹುಡುಗಿಯ ಕಣ್ಣಿನಲ್ಲಿ ಸಿಗುತ್ತಿತ್ತು. ಅದು ಹೋದರೆ ತನ್ನ ಹತ್ತಿರ ಏನೂ ಉಳಿಯುವುದಿಲ್ಲ ಎಂಬ ಹೆದರಿಕೆಯೂ ಅವನಿಗಿತ್ತು.

ಆ ವರ್ಷ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಬರೆದುಕೊಡಿ ಎಂದು ಅಧ್ಯಕ್ಷ ಹರ್ಬರ್ಟ್ ಕೇಳಿದಾಗ ಶ್ಯಾಮಸುಂದರ ಉಬ್ಬಿಹೋದ. ಪರ್ಷಿಯಾ ಎಂದರೇನು ಎಂದು ತೋರಿಸುತ್ತೇನೆ ಎಂದು ಹೊರಟ. ಹಿಂದೂಸ್ತಾನದ ರಾಜನೊಬ್ಬ ಪರ್ಷಿಯಾದ ಚಕ್ರವರ್ತಿಗೆ ಕಾಣಿಕೆಯನ್ನೂ ಪತ್ರವನ್ನೂ ಕಳಿಸಿದನೆಂದು ಹಳೆಯ ಚರಿತ್ರೆಕಾರನೊಬ್ಬ ಬರೆದಿದ್ದಾನೆ. ಆ ರಾಜ ನಮ್ಮ ಇಮ್ಮಡಿ ಪುಲಿಕೇಶಿಯೇ ಇರಬೇಕೆಂದೂ ಅದಕ್ಕೆ ಉತ್ತರವಾಗಿ ಅಲ್ಲಿಂದಲೂ ದೂತ ಬಂದಿರಬೇಕೆಂದೂ ವಿದ್ವಾಂಸರ ಊಹೆ. ಶ್ಯಾಮಸುಂದರ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಭಾಗವನ್ನು ಇಂಗ್ಲಿಷಿನಲ್ಲಿ ಓದಿಸಿದ. ಒಂದೇ ಪುಟ.

"ಇಷ್ಟೇನಾ ಅಪ್ಪ? ದೆನ್ ವಾಟ್ ಹ್ಯಾಪನ್ಡ್?"

"ಇಷ್ಟೇ ಗೊತ್ತಿರೋದು. ಇದರ ಮೇಲೆ ಒಂದಕ್ಷರ ಸೇರಿಸಿದ್ರೂ ನಮಗೂ ಆ ಸಿನಿಮಾದೋರಿಗೂ ವ್ಯತ್ಯಾಸ ಇಲ್ಲ, ಪುಟ್ಟಿ."

ಹಾಗಾಗಿ ನಾಟಕದಲ್ಲಿ ಪರ್ಷಿಯಾದ ದೂತ ಬಾದಾಮಿಗೆ ಬರುತ್ತಾನೆ, ಪತ್ರ ಓದುತ್ತಾನೆ, ಕಾಣಿಕೆ ಕೊಡುತ್ತಾನೆ, ಹೋಗುತ್ತಾನೆ. ಪುಲಿಕೇಶಿಯ ಪಾತ್ರ ಶ್ಯಾಮಸುಂದರನದೇ. ದೂತನಾದ ಗ್ಲೆನ್ ಸಂಘದ ಹಾಸ್ಯಗಾರ. ಅವನು ತಮಾಷೆಗೆ ಅರಬರ ರುಮಾಲು ಸುತ್ತಿಕೊಂಡು ರಿಹರ್ಸಲ್ಲಿಗೆ ಬಂದಾಗ ಅವನಿಗೆ ಸರಿಯಾಗಿ ಮಂಗಳಾರತಿಯಾಯಿತು. ಒಂದು ಡ್ಯಾನ್ಸಾದರೂ ಇರಲಿ ಸಾರ್ ಎಂದವರಿಗೆ ಇನ್ನೂ ದೊಡ್ಡ ಆರತಿ. ನಾಟಕ ಶುರುವಾಗುವ ಮೊದಲು ಪಾವನಾ ಪರದೆಯ ಮುಂದೆ ನಿಂತು, ಇದರಲ್ಲಿ ಎಷ್ಟು ಖಚಿತ, ಎಷ್ಟು ಊಹೆ ಎಂದು ಜನರಿಗೆ ಹೇಳಬೇಕು. ಅವಳಿಗೆ ಕನ್ನಡ ಓದಲು ಬಾರದು. ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದಳು.

ಗಲ್ಫಿನ ನಮ್ಮ ಸಂಘಗಳಲ್ಲಿ ಒಂದು ಪದ್ಧತಿಯಿದೆ. ಜನ ಅರ್ಧಕ್ಕೇ ಎದ್ದುಹೋಗಬಾರದೆಂದು ಊಟವನ್ನು ಕೊನೆಗೆ ಇಡುತ್ತಾರೆ, ನಾಟಕವನ್ನು ಊಟದ ಮುಂಚೆ ಇಡುತ್ತಾರೆ, ಊಟದ ಪಾತ್ರೆಗಳನ್ನು ಅದೇ ಸಭಾಂಗಣದ ಹಿಂದುಗಡೆ ಸಾಲಾಗಿ ಇಡುತ್ತಾರೆ. ಬಿಸಿಬೇಳೆಬಾತಿನ ಎದುರು ಯಾವ ಚಕ್ರವರ್ತಿ ನಿಂತಾನು? ಪಾವನಾ ತಡವರಿಸದೆ ತನ್ನ ಮಾತು ಹೇಳಿ ಮುಗಿಸಿದಳು. ಪರದೆ ಎದ್ದಿತು. ಗ್ಲೆನ್ ಪತ್ರವನ್ನು ನಿಧಾನವಾಗಿ ಓದತೊಡಗಿದ. ಅಷ್ಟರಲ್ಲಿ ಹಿಂದುಗಡೆ ಯಾರೋ ಪುಣ್ಯಾತ್ಮ ಪಾತ್ರೆಯ ಮುಚ್ಚಳ ತೆಗೆದ.

ಘಮ ಹೊರಟಿತು. ಹಿಂದಿನ ಸಾಲಿನ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಎದ್ದರು. ಅವರ ಹಿಂದೆ ಗಂಡಂದಿರು. ಪುಲಿಕೇಶಿ ಸಿಂಹಾಸನದಲ್ಲಿ ಕೂತು, ತನ್ನ ಪ್ರಜೆಗಳು ತಟ್ಟೆಯ ಕಡೆಗೆ ನಡೆಯುವುದನ್ನು ನೋಡುತ್ತಿದ್ದ. ಚಾರ್ಲ್ಸ್ ಒಬ್ಬ ಎರಡನೇ ಸಾಲಿನಲ್ಲಿ ಆಕಳಿಸುತ್ತಾ ಸೌಜನ್ಯಕ್ಕೆ ಉಳಿದಿದ್ದ. ಈ ತಿಂಡಿಪೋತರಿಗಾಗಿ ತಾನು ಇಷ್ಟೆಲ್ಲ ಓದಬೇಕಿತ್ತೇ ಎಂದು ಶ್ಯಾಮಸುಂದರನಿಗೆ ರೇಗಿತು.

ಅವನು ಧಡಕ್ಕನೆ ಎದ್ದುನಿಂತ.

"ನಿಲ್ಲಿಸು ಆ ಪತ್ರವನ್ನು! ನಿನ್ನ ಚಕ್ರವರ್ತಿ ತಲೆಬಾಗು ಎಂದು ಕನ್ನಡಿಗನಿಗೆ ಹೇಳಿಕಳಿಸಿದ್ದಾನೆಯೇ?"

ಇಂಥ ಮಾತು ನಾಟಕದಲ್ಲಿರಲಿಲ್ಲ. ಗ್ಲೆನ್ ಕಣ್ಣು ಕಣ್ಣು ಬಿಟ್ಟ, ಅಷ್ಟರಲ್ಲಿ ಖಡ್ಗ ಹೊರಗೆ ಬಂದಿತ್ತು. ಆದರೆ ಗ್ಲೆನ್ ಹುಟ್ಟು ಹಾಸ್ಯಗಾರ, ಇಂಥದ್ದಕ್ಕೆ ಕಾದುಕೊಂಡೇ ಇದ್ದವನು. ಅವನೂ ದ್ವಾರಪಾಲಕನ ಕತ್ತಿ ಕಿತ್ತುಕೊಂಡು ಮೇಲೆರಗಿದ. ಥರ್ಮಾಕೋಲಿನ ಕಂಬವೊಂದು ಉರುಳಿತು. ಯಾರೋ ಶಿಳ್ಳೆ ಹೊಡೆದರು. ತಟ್ಟೆ ಹಿಡಿದವರು ತಟ್ಟೆಯ ಸಮೇತ ವಾಪಸು ಬಂದರು.

ಶಿಳ್ಳೆಯ ರುಚಿ ಹತ್ತಿದಮೇಲೆ ಶ್ಯಾಮಸುಂದರನನ್ನು ಹಿಡಿಯುವವರು ಯಾರು? ದೂತನ ಎದೆಯ ಮೇಲೆ ಕಾಲಿಟ್ಟು, ಕಡಲು ದಾಟಿ ತಾನೇ ಪರ್ಷಿಯಾಕ್ಕೆ ಹೋದ ಕಥೆಯನ್ನು ಹೇಳಿದ. ಬರಿಗೈಯಲ್ಲಿ ಸಿಂಹವನ್ನು ಸೀಳಿದ್ದನ್ನು ಹೇಳಿದ. ಚಕ್ರವರ್ತಿ ತನ್ನ ಕಿರೀಟ ತೆಗೆದು ಕನ್ನಡಿಗನ ಪಾದದಲ್ಲಿಟ್ಟದ್ದನ್ನು, ಅವನ ಮಗಳು ಮಾಲೆ ಹಿಡಿದು ನಿಂತದ್ದನ್ನು ಕೈ ಬೀಸಿ ಬೀಸಿ ಹೇಳಿದ. ಆ ಸಿನಿಮಾದವರಿಗೂ ಇಷ್ಟು ಧೈರ್ಯವಿರಲಿಲ್ಲ. ಜನ ಕುರ್ಚಿಯ ಮೇಲೆ ಹತ್ತಿ ಜೈಕಾರ ಹಾಕಿದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಪಾವನಾ ಪರದೆಯ ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡಿದಳು.

ಆಮೇಲೆ ಊಟದ ಸಾಲಿನಲ್ಲಿ ಶ್ಯಾಮಸುಂದರ ಮೀಸೆಯ ಬಣ್ಣವನ್ನೂ ಅಳಿಸದೆ ನಿಂತಿದ್ದ. ಗೊತ್ತಿದ್ದವರು ಗೊತ್ತಿಲ್ಲದವರು ಬಂದು ಕೈ ಕುಲುಕುತ್ತಿದ್ದರು. ಹರ್ಬರ್ಟ್ ಅವನ ಹೆಗಲು ಬಿಡಲೇ ಇಲ್ಲ. "ಸೂಪರ್ ಆಯ್ತು ಸಾರ್, ನೀವು ಸಿನಿಮಾಕ್ಕೆ ಹೋಗ್ಬೇಕಿತ್ತು ಮಾರಾಯ್ರೆ," ಎಂದ ಚಾರ್ಲ್ಸ್. ಅವನು ಮನಸಾರೆ ಹೇಳಿದ್ದ, ಶ್ಯಾಮಸುಂದರನಿಗೆ ಮಾತ್ರ ಎಲ್ಲೋ ಚುಚ್ಚಿತು. ಮಗಳ ಕಡೆಗೆ ನೋಡದೆ ಹಪ್ಪಳ ತೆಗೆದುಕೊಂಡ.

ಪರ್ಲ್ ತಟ್ಟೆ ಹಿಡಿದು ಹತ್ತಿರ ಬಂದಳು. ಸಿನಿಮಾದ ದಿನವನ್ನು ಅವಳು ಮರೆತಿರಲಿಲ್ಲ.

"ಅಂಕಲ್, ಆ ಕಿಂಗ್ ಕ್ರೌನ್ ತೆಗ್ದು ಕಾಲಿಗೆ ಇಟ್ಟದ್ದು, ಅದು ರಿಯಲಾ? ಹಿಸ್ಟ್ರಿಯಲ್ಲಿ ಉಂಟಾ?"

ಇಲ್ಲಮ್ಮ, ಜನ ಎದ್ದು ಹೋಗ್ತಿದ್ರು ಅಂತ ಸೇರಿಸಿದೆ ಎಂದಿದ್ದರೆ ಸಾಕಿತ್ತು, ಸುತ್ತಲಿದ್ದವರು ನಕ್ಕು ಸುಮ್ಮನಾಗುತ್ತಿದ್ದರು. ಆದರೆ ಹರ್ಬರ್ಟನ ಕೈ ಇನ್ನೂ ಹೆಗಲ ಮೇಲಿತ್ತು. ಅಷ್ಟು ಹೊತ್ತಿಗೆ ಯಾರೋ ಫೋಟೋಕ್ಕೆ ನಿಲ್ಲಿ ಸಾರ್ ಎಂದರು.

"ಹೂಂ ಕಣಮ್ಮ," ಎಂದ ಶ್ಯಾಮಸುಂದರ. "ಚರಿತ್ರೆಯಲ್ಲಿದೆ."

ಪರ್ಲ್ ಪಾವನಾಳತ್ತ ತಿರುಗಿದಳು. "ಈಸ್ ಇಟ್?"

ಪಾವನಾ ಅಪ್ಪನ ಮುಖವನ್ನು ನೋಡಿದಳು. ಹೇಳಿಬಿಡಲಿ, ಇವನು ಸುಳ್ಳುಗಾರ ಎಂದು ಎಲ್ಲರ ಮುಂದೆ ಕೂಗಲಿ ಎಂದು ಅವನಿಗೆ ಒಂದು ಕ್ಷಣ ನಿಜವಾಗಿ ಅನಿಸಿತು. ಹಾಗೆ ಕೂಗಿದ್ದರೆ ಅವಳು ಅವನ ಮಗಳಾಗಿಯೇ ಉಳಿಯುತ್ತಿದ್ದಳು.

"ಯಾ, ಇಟ್ಸ್ ದೇರ್," ಎಂದಳು ಪಾವನಾ. "ನಾನೇ ಓದಿದ್ದೀನಿ, ಅಪ್ಪನ ಜೊತೆ."

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೇಳಿದವಳೇ ಗೆಳತಿಯ ಕೈ ಹಿಡಿದು ಮುಂದಕ್ಕೆ ಹೋದಳು. ಬಡಿಸುವವನು ಎಷ್ಟು ಹಾಕಲಿ ಸಾರ್ ಎಂದು ಎರಡು ಸಲ ಕೇಳಿದ. ಶ್ಯಾಮಸುಂದರನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ, ಹಿಂದಿನವರು ಸ್ವಲ್ಪ ಮುಂದೆ ಸರೀರಿ ಎನ್ನುವವರೆಗೂ ಅವನು ಅಲ್ಲೇ ನಿಂತಿದ್ದ.