ಕ್ಯಾಪ್ಟನ್ ಜಾರಿದ್ದು ನಮ್ಮ ಗೇಟಿನಲ್ಲಿ

ಹಡಗಿನ ಮಾಲೀಕರೇ ಸೇರಿ ಕಟ್ಟಿಕೊಂಡ ವಿಮಾ ಸಂಘ ನಮ್ಮದು. ಒಬ್ಬರ ನಷ್ಟವನ್ನು ಎಲ್ಲರೂ ಸೇರಿ ತುಂಬಬೇಕು. ಹಾಗಾಗಿ ನಷ್ಟವೇ ಆಗದಂತೆ ನಾವಿಕರಿಗೆ ಬುದ್ಧಿ ಹೇಳುವ ವಿಡಿಯೋಗಳನ್ನು ನಾವು ಮಹದೇವಪುರದಲ್ಲಿ ಕೂತು ತಯಾರಿಸುತ್ತೇವೆ. ಸಮುದ್ರವನ್ನೇ ನೋಡದ ನಮ್ಮ ಮ್ಯಾನೇಜರಿಗೆ, 'ಡೆಕ್ ಮೇಲೆ ಏನೇ ಚೆಲ್ಲಿದರೂ ತಕ್ಷಣ ಒರೆಸಿ' ಎನ್ನುವ ವಿಡಿಯೋ ಬಗ್ಗೆ ಭಾರಿ ಹೆಮ್ಮೆ.

ಹೋದ ವರ್ಷ ಅದನ್ನು ನೋಡಲು ಒಬ್ಬ ಹಡಗಿನ ಕ್ಯಾಪ್ಟನ್ ಬಂದರು. ಅವತ್ತು ಆಫೀಸಿನಲ್ಲಿ ಆಯುಧಪೂಜೆ. ಮ್ಯಾನೇಜರ್ ಕಂಪ್ಯೂಟರುಗಳಿಗೆಲ್ಲ ಕುಂಕುಮ ಹಚ್ಚಿ, ಗೇಟಿನ ಮುಂದೆ ಬೂದುಗುಂಬಳ ಒಡೆದಿದ್ದರು.

"ಸಾರ್, ಹೋಳು ತೆಗೆಸಿಬಿಡೋಣ. ಯಾರಾದ್ರೂ ಜಾರ್ತಾರೆ" ಅಂದೆ.

"ದೃಷ್ಟಿ ತೆಗೆದಿದ್ದನ್ನ ಮುಟ್ಟಬಾರದು ಕಣ್ರೀ" ಅಂದರು.

ಕ್ಯಾಪ್ಟನ್ ಕಾರಿನಿಂದ ಇಳಿದು ಹೆಜ್ಜೆ ಇಟ್ಟರು, ಅಷ್ಟೇ. ಬಿರುಗಾಳಿಯಲ್ಲೂ ಡೆಕ್ ಮೇಲೆ ನೆಟ್ಟಗೆ ನಿಂತ ಮನುಷ್ಯ, ಕುಂಬಳದ ಹೋಳಿನ ಮೇಲೆ ಜಾರಿ ಅಂಗಾತ ಬಿದ್ದು ಕೈ ಮುರಿದುಕೊಂಡರು.

ಆಸ್ಪತ್ರೆಯಲ್ಲಿ ಅವರಿಗೆ ಬ್ಯಾಂಡೇಜ್ ಸುತ್ತುತ್ತಿದ್ದರೆ, ಮ್ಯಾನೇಜರ್ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ನೋಡಿದ್ರಾ, ಕುಂಬಳಕಾಯಿ ಒಡೆದಿದ್ದಕ್ಕೆ ಬರೀ ಕೈಯಲ್ಲಿ ಮುಗೀತು."

ಅಂಥ ಅಪಘಾತ ಮತ್ತೆ ಆಗಬಾರದಲ್ಲ, ಅದಕ್ಕೇ ಈ ವರ್ಷ ಎರಡು ಕುಂಬಳಕಾಯಿ ಒಡೆಸುತ್ತಾರಂತೆ.