ಎಡಗೈಯ ದ್ರಾಕ್ಷಿದೇವರು

ಮೂವತ್ತು ವರ್ಷ ಡ್ರಾಯಿಂಗ್ ಮಾಸ್ತರಿಕೆ ಮಾಡಿದವನು ಎಡ-ಬಲ ಮರೆತೆನೆಂದು ಹೇಳಿಕೊಳ್ಳಲು ನಾಚಬೇಕು. ನನಗೋ ಈಗ ಅದನ್ನು ಊರೆಲ್ಲ ಹೇಳಿಕೊಂಡು ತಿರುಗುವಷ್ಟು ಸೊಕ್ಕು ಬಂದಿದೆ.

ನಿವೃತ್ತನಾದ ಮೇಲೆ ಚಿಕ್ಕೋಡಿಯ ಮನೆಯಲ್ಲಿ ಕೂತವನಿಗೆ ಇಟಲಿಯ ಹಳೆಯ ಮುದ್ರಾಚಿತ್ರಗಳ ಗೀಳು ಹತ್ತಿತು. ಐದುನೂರು ವರ್ಷಗಳ ಹಿಂದೆ ಅಲ್ಲಿನ ಅರಸರ ಆಸ್ಥಾನದ ಕಲಾವಿದರು ಗ್ರೀಕರ, ರೋಮನ್ನರ ಪುರಾಣದ ದೇವತೆಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು, ಮಸಿ ಹಚ್ಚಿ, ಕಾಗದಕ್ಕೆ ಒತ್ತುತ್ತಿದ್ದರು. ಅರಮನೆಯ ಗೋಡೆಯ ಮೇಲಿದ್ದ ದೇವರು ಹೀಗೆ ಹಾಳೆಯೇರಿ ಊರೂರು ತಿರುಗಿದ. ದೇವರ ಮೈಗೆ ಅರಸನ ಮುಖ ಕೂಡಿಸುವ ಜಾಣರೂ ಅವರಲ್ಲಿದ್ದರು. ಅನ್ನ ಹಾಕಿದ ಧಣಿಯನ್ನು ಮರೆಯಬಾರದಲ್ಲ! ನನಗೆ ಮಾತ್ರ ಅಂಥ ಧಣಿ ಇರಲಿಲ್ಲ. ಬಳಗದಲ್ಲಿ ಒಬ್ಬರೂ ನನ್ನ ಚಿತ್ರಕ್ಕಾಗಿ ಗೋಡೆಗೆ ಒಂದು ಮೊಳೆ ಹೊಡೆದವರಲ್ಲ. ಅದೊಂದು ಕೊರಗು ಉಳಿದೇ ಇತ್ತು.

ಹೋದ ವರ್ಷ ಧಣಿ ಸಿಕ್ಕರು. ಅಥಣಿ ಕಡೆ ದ್ರಾಕ್ಷಿ ತೋಟವಿರುವ ನಮ್ಮ ಅಪ್ಪಾಸಾಬ ಕಾಕಾ. ಹಂಗಾಮಿನ ಮೊದಲ ಒಣದ್ರಾಕ್ಷಿಯನ್ನು ಡಬ್ಬಿ ತುಂಬಿ ಬೀಗರು-ಬಿಜ್ಜರಿಗೆ ಹಂಚುವುದು ಅವರ ಮನೆಯ ಪದ್ಧತಿ. ಡಬ್ಬಿಗಳ ಮೇಲೆ ಅಂಟಿಸಲು ಒಂದು ಚಿತ್ರ ಮಾಡಿಕೊಡು ಎಂದರು. ನಾನು ದ್ರಾಕ್ಷಿಯ ದೇವರಾದ ಬ್ಯಾಕಸ್‌ನನ್ನೇ ಆರಿಸಿದೆ. ಹಳೆಯ ಚಿತ್ರವೊಂದರಲ್ಲಿ ಅವನು ಬಲಗೈ ಚಾಚಿ ಗೊನೆ ಕೊಡುತ್ತಿದ್ದ. ಅದನ್ನು ಇದ್ದಂತೆಯೇ ರಬ್ಬರಿನಂತೆ ಮೆತ್ತಗಿರುವ ಲಿನೋಲಿಯಂ ಹಾಳೆಗೆ ಇಳಿಸಿ, ಕೊರೆದು, ಮಸಿ ಹಚ್ಚಿ, ಮೇಲೆ ಕಾಗದವಿಟ್ಟು ಚಮಚದ ಬೆನ್ನಿನಿಂದ ತಿಕ್ಕಿ ತಿಕ್ಕಿ ಪ್ರತಿ ತೆಗೆದೆ. ಅಚ್ಚಿನಲ್ಲಿ ಬಲ ಎಡವಾಗುತ್ತದೆ ಎಂದು ಆಲೂಗಡ್ಡೆ ಕೊರೆದು ಮಕ್ಕಳಿಗೆ ವರ್ಷವರ್ಷವೂ ಕಲಿಸಿದವನು ನಾನೇ.

ಎಲ್ಲ ಡಬ್ಬಿಗೂ ಅಂಟಿಸಿಯಾದ ಮೇಲೆ ಕಾಕಾರ ಹೆಂಡತಿ, ನಮ್ಮ ಕಾಕು, ನೋಡಿದರು.

“ದೇವರಾಗಿ ಎಡಗೈಲೆ ಕೊಡಾಕತ್ತಾನಲ್ಲೋ ತಮ್ಮಾ. ಬೀಗರು ಹೆಂಗ ತೊಗೋಬೇಕು?”

ಕೊರೆಯುವ ಮೊದಲು ಚಿತ್ರ ತಿರುಗಿಸುವುದನ್ನೇ ಮರೆತಿದ್ದೆ. ನಮ್ಮ ಕಡೆ ಎಡಗೈಯಿಂದ ಚಿಟಿಕೆ ಉಪ್ಪನ್ನೂ ಕೊಡುವಂತಿಲ್ಲ. ಇಟಲಿಯಲ್ಲೂ ಒಬ್ಬರ ಅಚ್ಚು ನೋಡಿ ಇನ್ನೊಬ್ಬರು ನಕಲು ಮಾಡುವಾಗ ಮಹಾವೀರರೆಲ್ಲ ಎಡಗೈಲಿ ಕತ್ತಿ ಹಿಡಿದದ್ದುಂಟು ಎಂದು ಹೇಳಬಹುದಿತ್ತು. ಆದರೆ ಕಾಕುವಿನ ಮುಂದೆ ಇಟಲಿ ನಡೆಯುವುದಿಲ್ಲ. ಚಿತ್ರ ಕಿತ್ತುಹಾಕಲು ನಾನೇ ಉಗುರು ಹಚ್ಚಿದೆ.

ಅಷ್ಟರಲ್ಲಿ ಕಾಕಾ ಒಂದು ಡಬ್ಬಿ ಎತ್ತಿ ಬೆಳಕಿಗೆ ಹಿಡಿದರು, ಎಡಗೈಯಲ್ಲಿ. ಕಾಕಾ ಹುಟ್ಟು ಎಡಚರು. ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗ ಅವರಜ್ಜಿ ಆ ಕೈಯನ್ನು ಬೆನ್ನ ಹಿಂದೆ ಕಟ್ಟುತ್ತಿದ್ದಳಂತೆ. ಉಣ್ಣುವುದನ್ನು ಬಲಗೈ ಕಲಿಯಿತು. ಬಳ್ಳಿ ಕತ್ತರಿಸುವುದನ್ನು ಎಡಗೈ ಬಿಡಲಿಲ್ಲ. ಅಷ್ಟು ದೊಡ್ಡ ತೋಟ ಎದ್ದದ್ದು ಅದೇ ಕೈಯಿಂದ.

“ಕೀಳಬ್ಯಾಡ,” ಅಂದರು. “ಎಂಬತ್ತು ವರ್ಷಕ್ಕ ನನ್ನಂಥಾ ದೇವರ ಒಬ್ಬಾಂವ ಸಿಕ್ಕಾನ.”

ಕಾಕು ಅವರ ಮುಖವನ್ನೊಮ್ಮೆ ನೋಡಿದರು. ಆಮೇಲೆ ಆ ಡಬ್ಬಿಯನ್ನು ಸೆರಗಿನಿಂದ ಒರೆಸಿ ದೇವರ ಜಗಲಿಯ ಮೇಲಿಟ್ಟರು. ನನಗೆ ಕಣ್ಣು ತುಂಬಿ ಬಂತು. ಉಳಿದ ಡಬ್ಬಿಗಳು ನಿಪ್ಪಾಣಿ, ರಾಯಬಾಗ, ಕಾಗವಾಡವೆಲ್ಲ ಸುತ್ತಿದವು. ಒಂದೂ ತಿರುಗಿ ಬರಲಿಲ್ಲ. ಇನ್ನೊಂದು ಪ್ರತಿಗೆ ಪಡಸಾಲೆಯಲ್ಲಿ ಕಾಕಾ ತಾವೇ ಮೊಳೆ ಹೊಡೆದರು.

ಧಣಿಗಳದು ಒಂದೇ ತಕರಾರು: ದೇವರಿಗೆ ಮೀಸೆಯಿಲ್ಲ. ಕೊರೆದು ತೆಗೆದ, ಮಸಿ ಹತ್ತದ ಜಾಗದಲ್ಲಿ ಮೀಸೆ ಬೆಳೆಯುವುದಿಲ್ಲವಾದ್ದರಿಂದ ಈ ವರ್ಷ ಹೊಸ ಹಾಳೆ ಕೊರೆಯುತ್ತಿದ್ದೇನೆ. ಮೀಸೆ ಕಾಕಾರದೇ. ಗೊನೆಯನ್ನು ಬೇಕೆಂತಲೇ ಬಲಗೈಗೆ ಕೊಟ್ಟಿದ್ದೇನೆ, ಅಚ್ಚಿನಲ್ಲಿ ಎಡಗೈಗೆ ಬರಲಿ ಎಂದು. ಹೋದ ವರ್ಷ ಮರೆವಿನಿಂದ ಆದದ್ದು ಈ ವರ್ಷ ವಿದ್ಯೆಯಿಂದ ಆಗುತ್ತಿದೆ.